ಕುಲದೇವರ ಊರಿಗೆ ಮೋಟಾರು ಪ್ರಯಾಣ

ಕರಾವಳಿಯ ಸಾರಸ್ವತರ ಮನೆಗಳಲ್ಲಿ ಮದುವೆಯೋ ಮುಂಜಿಯೋ ನಿಶ್ಚಯವಾದೊಡನೆ ಕುಲದೇವರ ಹೆಸರಿನಲ್ಲಿ ಮುಡಿಪು ಕಟ್ಟಿಡುವ ಪದ್ಧತಿಯುಂಟು. ಅರಸಿನದ ನೀರಿನಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಒಂದಿಷ್ಟು ನಾಣ್ಯವನ್ನು ಗಂಟುಕಟ್ಟಿ ದೇವರ ಕೋಣೆಯಲ್ಲಿ ಇಡುತ್ತಾರೆ. ಆ ದೇವರಾದರೋ ನಮ್ಮ ಊರಿನಲ್ಲಿಲ್ಲ, ಜಿಲ್ಲೆಯಲ್ಲಿಲ್ಲ, ಕರ್ನಾಟಕದಲ್ಲಿಯೇ ಇಲ್ಲ. ಹತ್ತಾರು ಹೊಳೆಗಳಾಚೆ ಗೋವೆಯಲ್ಲಿರುವುದು. ಮಂಗಳೂರು, ಉಡುಪಿ, ಕುಂದಾಪುರ, ಕುಮಟೆ, ಕೊನೆಗೆ ಕೇರಳದ ಕೊಚ್ಚಿಯವರೆಗೆ ಹರಡಿಕೊಂಡ ನಮ್ಮ ಜನರು ಬಿಟ್ಟು ಬಂದ ನಾಡಿನ ಲೆಕ್ಕವನ್ನು ಹೀಗೆ ಗಂಟಿನಲ್ಲಿ ಕಟ್ಟಿಟ್ಟುಕೊಂಡೇ ನಾಲ್ಕು ಶತಮಾನಗಳಿಗಿಂತ ಹೆಚ್ಚು ಕಾಲ ಬಾಳಿದ್ದಾರೆ.

ಕಳೆದ ಎರಡು ಸಂಚಿಕೆಗಳಲ್ಲಿ ಈ ಪುಟವು ಉಪ್ಪಿನಕಾಯಿಯ ಮಾತಿಗೆ ಮೀಸಲಾಗಿತ್ತು. ಈ ಸಲ ಅಡುಗೆಮನೆಯನ್ನು ಬಿಟ್ಟು ಸ್ವಲ್ಪ ದೂರ ಹೋಗೋಣ. 2024ರ ಡಿಸೆಂಬರ್ ತಿಂಗಳಿನಲ್ಲಿ ನಾವು ಐವರು ಮಂಗಳೂರಿನಿಂದ ಗೋವೆಯ ಮಾರ್ದೋಳಕ್ಕೆ ಮೋಟಾರಿನಲ್ಲಿ ಹೋಗಿಬಂದ ವಿಷಯವನ್ನು ಬರೆಯುವೆನು. ಹೊರಟವರು ಯಾರೆಂದರೆ: ನಮ್ಮ ಯಜಮಾನರು, ನಾನು, ಗಾಡಿ ನಡೆಸಲು ಮಗ, ಎಂಬತ್ತೆರಡು ವರ್ಷದ ನಮ್ಮ ಅತ್ತೆಯವರು, ಮತ್ತು ಪಕ್ಕದ ಮನೆಯ ಬಾಯಮ್ಮ. ಬಾಯಮ್ಮನವರು ಕ್ರೈಸ್ತರು; ಅತ್ತೆಯವರಿಗಿಂತ ಎರಡು ವರ್ಷ ಚಿಕ್ಕವರು. ನಲವತ್ತು ವರ್ಷಗಳಿಂದ ಇವರಿಬ್ಬರ ಮನೆಗಳ ನಡುವೆ ಒಂದು ಅಡ್ಡಗೋಡೆ, ಆ ಗೋಡೆಗೆ ಒಂದು ಸಣ್ಣ ಬಾಗಿಲು. ಆ ಬಾಗಿಲಿಗೆ ಚಿಲಕ ಹಾಕಿದ್ದನ್ನು ನಾನು ಕಂಡಿಲ್ಲ.

ಈ ವಯಸ್ಸಿನಲ್ಲಿ ಸುಮಾರು 350 ಕಿಲೋಮೀಟರು ಕುಳಿತು ಹೋಗುವುದೆಂದರೆ ಸುಲಭವೇ ಎಂದು ಬಂಧುಗಳೆಲ್ಲ ಕೇಳಿದರು. ಕಾರಣವಿಷ್ಟು: ಅತ್ತೆಯವರಿಗೆ ಗ್ಲಾಕೋಮ ಎಂಬ ಕಣ್ಣಿನ ರೋಗ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದುದನ್ನು ಕಾಪಾಡಿಕೊಳ್ಳಬಹುದಷ್ಟೇ ಎಂದು ವೈದ್ಯರು ಹೇಳಿದ್ದಾರೆ. ಆ ದಿನ ಮನೆಗೆ ಬಂದು, ಎರಡು ತುತ್ತು ಉಂಡು, ಅವರು ಹೇಳಿದ್ದು ಒಂದೇ ಮಾತು: “ಬೆಳಕಿರುವಾಗ ಒಮ್ಮೆ ಮೂಲದ ಊರನ್ನು ನೋಡಬೇಕು.” ಕುಲದೇವಿಯ ದರ್ಶನ ಅವರಿಗೆ ಹೊಸದಲ್ಲ. 1962ರಲ್ಲಿ ಮದುವೆಯಾಗಿ, ಮರುವರ್ಷವೇ ಹೊಸ ಮದುಮಗಳಾಗಿ ಬಸ್ಸಿನಲ್ಲಿ ಹೋಗಿದ್ದರಂತೆ; ಮುಂದೆ ಇನ್ನೊಮ್ಮೆ ಜನರ ಗುಂಪಿನೊಡನೆ. ಆದರೆ ಎರಡು ಸಲವೂ ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ನಿಲ್ಲಬೇಕೆಂಬುದು ಗಂಡಸರ ತೀರ್ಮಾನ. ದೇವಿಯ ಹೊಸ ನೆಲೆಯನ್ನು ನೋಡಿ ಹಿಂದಿರುಗಿದ್ದರೇ ಹೊರತು ಹಳೆಯ ನೆಲೆಯ ಕಡೆಗೆ ಯಾರೂ ಕರೆದೊಯ್ದಿರಲಿಲ್ಲ.

ಹಳೆಯ ನೆಲೆ, ಹೊಸ ನೆಲೆ ಎಂದರೇನೆಂದು ಬೇರೆ ಸೀಮೆಯ ವಾಚಕಿಯರು ಕೇಳುವರು. ಆದುದರಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ. ಪೋರ್ಚುಗೀಸರು ಗೋವೆಯ ದ್ವೀಪವನ್ನು ಗೆದ್ದುದು 1510ರಲ್ಲಿ. ಸಾಷ್ಟಿ ಮತ್ತು ಬಾರ್ದೇಶವೆಂಬ ಸೀಮೆಗಳು ಅವರ ಕೈಸೇರಿದ್ದು 1543ರಲ್ಲಿ. ಸಾಷ್ಟಿ ಎಂದರೆ ಅರವತ್ತಾರು ಊರುಗಳ ನಾಡೆಂದು ನಮ್ಮವರು ಹೆಸರನ್ನು ಬಿಡಿಸಿ ಹೇಳುತ್ತಾರೆ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾಯಿತು. 1567ರಲ್ಲಿ ಸಾಷ್ಟಿಯ ದೇವಾಲಯಗಳು ಒಂದೊಂದಾಗಿ ಬಿದ್ದವು. ಅಷ್ಟರೊಳಗಾಗಿ ಸಾಧ್ಯವಾದವರು ತಮ್ಮ ದೇವರನ್ನು ಹೊತ್ತುಕೊಂಡು ಜುವಾರಿ ಹೊಳೆಯನ್ನು ದಾಟಿದರು. ಹೊಳೆಯ ಆಚೆ ದಡದ ಅಂತ್ರುಜ್ ಸೀಮೆ, ಎಂದರೆ ಈಗಿನ ಫೋಂಡಾ ತಾಲೂಕು, ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಹೀಗೆ ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ, ಕೇಳೋಶಿಯ ಶಾಂತಾದುರ್ಗೆ ಕವಳೆಗೆ, ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ, ಲೋಟಲಿಯ ರಾಮನಾಥ ಬಾಂದಿವಡೆಗೆ ಬಂದು ಸೇರಿದರು. ಹಿಂದೂ ದೇವರುಗಳಿಗೆ ಸುಲ್ತಾನನ ನೆಲ ಆಶ್ರಯವಾಯಿತೆಂಬುದನ್ನು ಇತಿಹಾಸವನ್ನು ಒಂದೇ ಕಣ್ಣಿನಿಂದ ಓದುವವರು ಮರೆಯಬಾರದು. ಕಾಲಾಂತರದಲ್ಲಿ ಆ ಸೀಮೆಯು ನಮ್ಮ ಶಿರಸಿಯ ಬಳಿಯ ಸೋದೆಯ ಅರಸರ ಕೈಗೆ ಬಂದು, 1763ರಲ್ಲಿ ಹೈದರನ ದಂಡಯಾತ್ರೆಯ ಗಲಿಬಿಲಿಯಲ್ಲಿ ಪೋರ್ಚುಗೀಸರ ಪಾಲಾಯಿತು. ಅಷ್ಟು ಹೊತ್ತಿಗೆ ಅವರ ಹಳೆಯ ಬಿರುಸು ಇಳಿದಿತ್ತು. ಹೊಸದಾಗಿ ಸೇರಿದ ಸೀಮೆಗಳ ದೇವಾಲಯಗಳನ್ನು ಅವರು ಮುಟ್ಟಲಿಲ್ಲ.

ದೇವರು ಹೊಳೆ ದಾಟಿ ನಿಂತರು. ಭಕ್ತರಲ್ಲಿ ಬಹುಮಂದಿ ಅಲ್ಲಿಯೂ ನಿಲ್ಲದೆ ದಕ್ಷಿಣಕ್ಕೆ ನಡೆದರು. ಬಾಯಮ್ಮನವರ ಹಿರಿಯರು ಬಂದುದೂ ಇದೇ ಹಾದಿಯಲ್ಲಿ, ಸ್ವಲ್ಪ ತಡವಾಗಿ. ಮತಾಂತರವಾದ ಮೇಲೂ ಅವರಿಗೆ ನೆಮ್ಮದಿ ಇರಲಿಲ್ಲ. ಧರ್ಮವಿಚಾರಣೆಯ ಕಣ್ಣು ಹೆಚ್ಚಾಗಿ ಬಿದ್ದುದು ಹೊಸ ಕ್ರೈಸ್ತರ ಮನೆಗಳ ಒಳಗೆಯೇ. 1684ರಲ್ಲಿ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಭಾಷೆಯನ್ನಾಡಬೇಕೆಂಬ ಆಜ್ಞೆಯಾಯಿತು. ಮರಾಠರ ದಾಳಿಗಳೂ ಸುಂಕದ ಹೊರೆಯೂ ಸೇರಿಕೊಂಡವು. ಇತ್ತ ಕೆಳದಿಯ ನಾಯಕರಿಗೆ ಭೂಮಿಯನ್ನು ಸಾಗುವಳಿ ಮಾಡುವ ಕೈಗಳು ಬೇಕಾಗಿದ್ದವು. ಗೋವೆಯವರಿಗಾದರೋ ಅಕ್ಕಿ ಬರುತ್ತಿದ್ದುದೇ ಬಸರೂರು, ಮಂಗಳೂರು ಬಂದರುಗಳಿಂದ; ಆದ್ದರಿಂದ ಅಕ್ಕಿ ಬೆಳೆಯುವ ನಾಡಿನ ದಾರಿ ಎಲ್ಲರಿಗೂ ತಿಳಿದಿತ್ತು.

ಬೆಳಗಿನ ಐದು ಗಂಟೆಗೆ ಹೊರಟೆವು. ರೈಲಿನಲ್ಲಿ ಹೋಗಬಹುದಾಗಿತ್ತು, ಕೊಂಕಣ ರೈಲ್ವೆಯು 1998ರಲ್ಲಿ ಪೂರ್ಣವಾಗಿ ತೆರೆದಂದಿನಿಂದ ಆ ಸೌಕರ್ಯವುಂಟು. ಆದರೆ ರೈಲು ನಮ್ಮ ಮೊಣಕಾಲುಗಳಿಗಾಗಿ ನಿಲ್ಲುವುದಿಲ್ಲ. ವಯಸ್ಸಾದವರೊಡನೆ ದೂರ ಹೋಗುವ ಸೋದರಿಯರಿಗೆ ಒಂದು ಮಾತು: ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಹತ್ತು ಹೆಜ್ಜೆ ನಡೆಸಬೇಕು; ಬುತ್ತಿಗೆ ಮೊಸರವಲಕ್ಕಿಯಂತಹ ತಂಪಾದ ಪದಾರ್ಥವಿರಬೇಕು; ಔಷಧದ ಚೀಲವು ಹಿಂದಿನ ಪೆಟ್ಟಿಗೆಯಲ್ಲಿರದೆ ಕೈಗೆ ಸಿಕ್ಕುವಂತಿರಬೇಕು.

ಈ ಹಾದಿಯ ಲೆಕ್ಕವನ್ನು ಮೈಲಿಗಲ್ಲುಗಳಿಂದ ಮಾಡುವುದಕ್ಕಿಂತ ಹೊಳೆಗಳಿಂದ ಮಾಡುವುದು ಸರಿ. ಗುರುಪುರ, ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಒಂದೊಂದು ಸೇತುವೆ ಬಂದಾಗಲೂ ಅತ್ತೆಯವರು ಹೆಸರನ್ನು ಕೇಳಿ ಬೆರಳು ಮಡಿಸುತ್ತಿದ್ದರು. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿಯೊಂದು ಕಡವಿನಲ್ಲಿಯೂ ಇಳಿದು, ದೋಣಿಗಾಗಿ ಕಾದು, ಆಚೆ ದಡದಲ್ಲಿ ಇನ್ನೊಂದು ಬಂಡಿ ಹಿಡಿಯಬೇಕಾಗಿತ್ತು. ತಲೆಯ ಮೇಲೆ ಗಂಟು, ಸೊಂಟದಲ್ಲಿ ಮಗು, ಮುಂದೆ ಮಳೆ ತುಂಬಿದ ಶರಾವತಿ! ಅಂದು ಬಂದ ಹೆಂಗಸರು ಎಷ್ಟು ಕಡವುಗಳಲ್ಲಿ ಎಷ್ಟು ರಾತ್ರಿ ಕಳೆದರೆಂಬುದನ್ನು ಯಾರೂ ಬರೆದಿಡಲಿಲ್ಲ.

ಕುಂದಾಪುರದಲ್ಲಿ ಬನ್ಸು ತಿಂದು ಕಾಫಿ ಕುಡಿದು ಬಸರೂರಿನ ಕಡೆಗೆ ಸ್ವಲ್ಪ ಒಳಹೊಕ್ಕೆವು. ಶಿವಾಜಿಯು 1665ರಲ್ಲಿ ಹಡಗುಗಳೊಡನೆ ಬಂದು ಕೊಳ್ಳೆಹೊಡೆಯುವಷ್ಟು ಸಂಪತ್ತು ಈ ಬಂದರಿನಲ್ಲಿತ್ತೆಂದರೆ ಈಗ ನಂಬುವುದು ಕಷ್ಟ. ಹೊಳೆ ಸದ್ದಿಲ್ಲದೆ ಹರಿಯುತ್ತದೆ, ಊರು ಮಧ್ಯಾಹ್ನದ ನಿದ್ರೆಯಲ್ಲಿರುವಂತೆ ಕಾಣುತ್ತದೆ. ಇಲ್ಲಿಯೂ ಒಂದು ಮಹಾಲಸೆಯ ಗುಡಿಯಿದೆ. ಮೂಲಕ್ಕೆ ಹೋಗಲಾಗದವರು ದೇವಿಯನ್ನು ತಮ್ಮಲ್ಲಿಗೇ ಕರೆಸಿಕೊಂಡರು. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಅತ್ತೆಯವರು ಗಾಜನ್ನಿಳಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, “ಎರಡು ಕಡೆಯೂ ಬಿಳುಪಾಗಿ ಕಾಣುತ್ತದೆ” ಎಂದರು. ಯಾರೂ ಉತ್ತರ ಕೊಡಲಿಲ್ಲ.

ಅಂಕೋಲೆಯ ಸಮೀಪದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡವು ಹೆದ್ದಾರಿಯ ಮೇಲೆಯೇ ಜರಿದು ಜನರನ್ನು ಬಲಿತೆಗೆದುಕೊಂಡ ಸ್ಥಳವನ್ನು ದಾಟುವಾಗ ಗಾಡಿಯೊಳಗೆ ಮಾತು ತಾನಾಗಿಯೇ ನಿಂತಿತು. ಅದೇ ಆಗಸ್ಟ್ 7ರ ರಾತ್ರಿ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತ್ತು. ನಾವು ಹೋದುದು ಪಕ್ಕದ ಹೊಸ ಸೇತುವೆಯ ಮೇಲಿನಿಂದ. ಆ ಹಳೆಯ ಸೇತುವೆಯೂ ಇಲ್ಲದಿದ್ದ ಕಾಲದಲ್ಲಿ, ಅತ್ತೆಯವರು ಮದುಮಗಳಾಗಿ ಹೋದಾಗ, ಕೋಡಿಬಾಗಿನಿಂದ ಸದಾಶಿವಗಡಕ್ಕೆ ಲಾಂಚಿನಲ್ಲಿ ದಾಟಿದ್ದರಂತೆ. ಅದಕ್ಕೂ ಹಿಂದೆ ದಾಟುವುದೇ ಕಷ್ಟವಾಗಿತ್ತು. 1954ರಿಂದ ಮುಂದೆ ಗೋವೆಯ ಗಡಿಯಲ್ಲಿ ಭಾರತ ಸರ್ಕಾರದ ನಿರ್ಬಂಧಗಳು ಬಿಗಿಯಾಗಿ, 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಗುವವರೆಗೂ ಹಾಗೆಯೇ ನಡೆಯಿತು. ಆ ಏಳು ವರ್ಷಗಳಲ್ಲಿ ಹರಕೆ ಹೊತ್ತವರ ಮುಡಿಪುಗಳು ಎಷ್ಟೋ ಮನೆಗಳಲ್ಲಿ ಹಾಗೆಯೇ ಕುಳಿತಿದ್ದವು.

ದಾರಿಯುದ್ದಕ್ಕೂ ಇಬ್ಬರು ವೃದ್ಧೆಯರ ಮಾತು ಮುಗಿಯಲಿಲ್ಲ. ಇಬ್ಬರ ಮನೆಮಾತೂ ಕೊಂಕಣಿಯೇ. ಆದರೆ ನಾವು ‘ಘರ’, ‘ದೇವು’ ಎನ್ನುವುದನ್ನು ಬಾಯಮ್ಮನವರು ‘ಘರ್’, ‘ದೇವ್’ ಎಂದು ಕೊನೆಯ ಸ್ವರವನ್ನು ನುಂಗಿಬಿಡುತ್ತಾರೆ. “ನಿಮ್ಮದು ಉಳಿತಾಯದ ಕೊಂಕಣಿ” ಎಂದು ಅತ್ತೆಯವರು ಹಾಸ್ಯಮಾಡಿದರು. ಪತ್ರೊಡೆಗೆ ಹುಳಿ ಎಷ್ಟು, ಮದುವೆಯ ಹಿಂದಿನ ದಿನದ ಶಾಸ್ತ್ರವೇನು ಎಂದು ಹೋಲಿಸುತ್ತ ಹೋದರು. ಬಾಯಮ್ಮನವರಲ್ಲಿ ಮದುಮಕ್ಕಳಿಗೆ ತೆಂಗಿನಕಾಯಿಯ ಹಾಲನ್ನು ಪೂಸುವ ‘ರೋಸ್’ ಎಂಬ ಶಾಸ್ತ್ರವುಂಟು. ಆಗ ಹೆಂಗಸರು ಹಳೆಯ ಹಾಡುಗಳನ್ನು ಹಾಡುತ್ತಾರೆ. 1736ರಲ್ಲಿ ಗೋವೆಯ ಧರ್ಮವಿಚಾರಣೆಯವರು ಹೊರಡಿಸಿದ ಆಜ್ಞೆಯೊಂದರಲ್ಲಿ ಮದುವೆಯ ಇಂತಹ ಹಾಡುಗಳನ್ನೂ, ಅಂಗಳದ ತುಳಸಿಯನ್ನೂ, ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸುವುದನ್ನೂ ಕ್ರೈಸ್ತರಿಗೆ ನಿಷೇಧಿಸಲಾಗಿತ್ತು. ಅನ್ನಕ್ಕೆ ಉಪ್ಪು ಹಾಕಿತೋ ಇಲ್ಲವೋ ಎಂದು ಒಂದು ರಾಜ್ಯವು ಹೆಂಗಸಿನ ಪಾತ್ರೆಯೊಳಗೆ ಇಣಿಕಿ ನೋಡಿದ ಸಂಗತಿಯನ್ನು ನಾನು ಓದಿ ಹೇಳಿದಾಗ ಬಾಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಇಂದಿಗೂ ಹಾಕುವುದಿಲ್ಲ” ಎಂದರು.

ಪೋಳೆಯ ಗಡಿಯನ್ನು ದಾಟಿ, ಕಾಣಕೋಣದ ಮೇಲಿನಿಂದ ಕರ್ಮಲ್ ಘಟ್ಟದ ತಿರುವುಗಳನ್ನು ಹತ್ತಿಳಿದು, ಮಡಗಾಂವಿಯನ್ನು ಹಾದು, ಬೋರಿ ಸೇತುವೆಯಲ್ಲಿ ಜುವಾರಿಯನ್ನು ದಾಟಿ ಮಾರ್ದೋಳವನ್ನು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ದೇವಾಲಯದ ಅಗ್ರಶಾಲೆಯಲ್ಲಿ ಎರಡು ಕೋಣೆಗಳು ದೊರೆತವು.

ಮಾರ್ದೋಳದ ಮಹಾಲಸೆಯು ಮೋಹಿನಿಯ ರೂಪ. ಹೆಂಗಸಾದರೂ ಜನಿವಾರ ಧರಿಸಿದ ದೇವಿ. ಗುಡಿಯ ಮುಂದೆ ಇಪ್ಪತ್ತೊಂದು ಅಂತಸ್ತಿನ ಹಿತ್ತಾಳೆಯ ದೀಪಸ್ತಂಭವು ಮಾಳಿಗೆಯ ಮನೆಗಿಂತ ಎತ್ತರವಾಗಿ ನಿಂತಿದೆ. ಅದಕ್ಕಿಂತ ನನ್ನ ಮನಸ್ಸನ್ನು ಹಿಡಿದುದು ಅಲ್ಲಿಯ ದೊಡ್ಡ ಗಂಟೆ. ಅದಕ್ಕೆ ನಾಲಗೆಯಿಲ್ಲ. ಹಿಂದೆ ವ್ಯಾಜ್ಯವೊಂದರಲ್ಲಿ ಯಾರಾದರೂ ಪ್ರಮಾಣ ಮಾಡಿ ಹೇಳಬೇಕಾದಾಗ ಮಾತ್ರ ನಾಲಗೆ ತೊಡಿಸಿ ಬಾರಿಸುತ್ತಿದ್ದರಂತೆ. ಈ ಗಂಟೆಯ ಕೆಳಗೆ ಸುಳ್ಳಾಡಿದವನನ್ನು ದೇವಿ ಶಿಕ್ಷಿಸದೆ ಬಿಡಳೆಂಬ ನಂಬಿಕೆ. ಪೋರ್ಚುಗೀಸ್ ಸರ್ಕಾರವೂ ಇಲ್ಲಿಯ ಪ್ರಮಾಣವನ್ನು ಸಾಕ್ಷ್ಯವೆಂದು ಒಪ್ಪುತ್ತಿತ್ತೆಂದು ಹೇಳುವರು. ಗುಡಿಯನ್ನು ಕೆಡವಿದವರ ನ್ಯಾಯಾಲಯವೇ ಆ ಗುಡಿಯ ಗಂಟೆಯನ್ನು ನಂಬಿತು!

ಬೆಳಿಗ್ಗೆ ಮುಡಿಪನ್ನು ಒಪ್ಪಿಸಿ, ದೇವಿಗೆ ಮಡಿಲು ತುಂಬಿದೆವು. ಬಾಯಮ್ಮ ತಾವಾಗಿಯೇ ಹೊರಗಿನ ಜಗಲಿಯ ಮೇಲೆ ಕುಳಿತು ಹೂವಿನವಳೊಡನೆ ಮಾತಿಗೆ ತೊಡಗಿದ್ದರು. ಮಾರ್ದೋಳದ ಜಾಜಿಗೆ ಗೋವೆಯಲ್ಲೆಲ್ಲ ಹೆಸರು. ಅಲ್ಲಿ ಅದನ್ನು ‘ಜಾಯೊ’ ಎನ್ನುತ್ತಾರೆ. ನಾವು ಹೊರಗೆ ಬರುವಷ್ಟರಲ್ಲಿ ಹೂವಿನವಳ ಮಕ್ಕಳೆಷ್ಟು, ಗಂಡನ ಕುಡಿತವೆಷ್ಟು ಎಂಬುದೆಲ್ಲ ಬಾಯಮ್ಮನಿಗೆ ತಿಳಿದಿತ್ತು.

ಅಲ್ಲಿಂದ ಹೊಳೆ ದಾಟಿ ಮತ್ತೆ ಸಾಷ್ಟಿಗೆ, ವೆರ್ಣೆಗೆ ಹೋದೆವು. ವೆರ್ಣೆಯಲ್ಲಿ ದೇವಿಯ ಗುಡಿಯಿದ್ದ ಜಾಗದ ಹೆಸರೂ ಮಾರ್ದೋಳವೇ. ಓಡಿಹೋದವರು ದೇವಿಯನ್ನು ಮಾತ್ರವಲ್ಲ, ಊರಿನ ಹೆಸರನ್ನೂ ಹೊತ್ತೊಯ್ದು ಆಚೆ ದಡದಲ್ಲಿ ನೆಟ್ಟರು. ಹಿಂದೆ ಉಳಿದ ಜಾಗವು ‘ಹಳೆಯ ಮಾರ್ದೋಳ’ವಾಯಿತು. ಈಗ ವೆರ್ಣೆಯೆಂದರೆ ಕಾರ್ಖಾನೆಗಳ ಊರು. ಹೆದ್ದಾರಿಯಲ್ಲಿ ಲಾರಿಗಳ ಸಾಲು. ಹಳೆಯ ನೆಲೆಯಲ್ಲಿ ನಮ್ಮ ಕಾಲದವರು ಮತ್ತೆ ಗುಡಿಯನ್ನು ಎಬ್ಬಿಸಿದ್ದಾರೆ. ಅತ್ತೆಯವರು ಚಪ್ಪಲಿಯನ್ನು ಗಾಡಿಯಲ್ಲಿಯೇ ಬಿಟ್ಟು, ಕೆಂಪು ಮಣ್ಣಿನ ಮೇಲೆ ಮೆಲ್ಲನೆ ಕಾಲಿಟ್ಟು ನಡೆದರು. ಬಾಗಿ ಒಂದು ಚಿಟಿಕೆ ಮಣ್ಣನ್ನು ತೆಗೆದು ಮೂಸಿ ನೋಡಿದರು. ನಮ್ಮ ಯಜಮಾನರು ಚಿತ್ರ ತೆಗೆಯಲು ಹೋದಾಗ ಬೇಡವೆಂದರು.

ಇಲ್ಲಿ ಒಂದು ಮಾತು ನಡೆಯಿತು. ಅದನ್ನು ಮರೆಮಾಚಿದರೆ ಈ ಪ್ರಯಾಣದ ವರ್ಣನೆ ಅರೆಬರೆಯಾಗುವುದು. ನಮ್ಮ ಮಗನಿಗೆ ಇಪ್ಪತ್ತನಾಲ್ಕು ವರ್ಷ. ಹಳೆಯ ನೆಲೆಯಲ್ಲಿ ನಿಂತಾಗ ಅವನ ರಕ್ತ ಬಿಸಿಯಾಯಿತು. “ಇಷ್ಟೆಲ್ಲ ಕೆಡವಿದರಲ್ಲ! ಊರಿಗೆ ಊರನ್ನೇ ಜಾತಿಗೆಡಿಸಿದರಲ್ಲ!” ಎಂದು ಗಟ್ಟಿಯಾಗಿಯೇ ಹೇಳಿದನು. ಹಿಂದೆ ಬಾಯಮ್ಮ ನಿಂತಿದ್ದರು. ಯಜಮಾನರು ಕೆಮ್ಮಿದರು. ನಾನು ಮಾತನ್ನು ಬದಲಿಸಲು ನೋಡುತ್ತಿದ್ದಾಗ ಬಾಯಮ್ಮನೇ ಮುಂದೆ ಬಂದು ಹೇಳಿದರು: “ಕೆಡವಿದ್ದು ನಿಜ ಪುತಾ. ಆದರೆ ನೀನು ಹೇಳುವ ಆ ಊರಿನವರು ಯಾರು? ನಮ್ಮವರೇ. ನಿಮ್ಮವರಿಗೆ ದೋಣಿ ಸಿಕ್ಕಿತು. ಗದ್ದೆ ಬಿಟ್ಟು ಬರಲಾರದವರು, ಹಾಸಿಗೆ ಹಿಡಿದ ತಾಯಿಯಿದ್ದವರು, ಬಸುರಿ ಹೆಂಡತಿಯಿದ್ದವರು ಇಲ್ಲಿಯೇ ಉಳಿದರು. ಉಳಿದವರ ಹೊಟ್ಟೆಯಲ್ಲಿ ಹುಟ್ಟಿದವಳು ನಾನು. ನನಗೆ ನನ್ನ ದೇವರು ದೊಡ್ಡವನು. ಅದರಲ್ಲಿ ನನಗೆ ನಾಚಿಕೆಯಿಲ್ಲ. ಆದರೆ ಗುಡಿ ಬಿದ್ದ ದಿನ ನಮ್ಮ ಅಜ್ಜಿಯೂ ಅತ್ತಿರಬೇಕು.”

ಮಗನು ತಲೆ ತಗ್ಗಿಸಿದನು. ಅವನ ಕೋಪವೂ ಸುಳ್ಳಲ್ಲ; ನಡೆದ ಅನ್ಯಾಯವನ್ನು ಇಲ್ಲವೆನ್ನಬೇಕೆಂದು ನಾನು ಹೇಳಲಾರೆ. ಕೇಳಬೇಕಾದವರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳುವುದು ಮಾತ್ರ ಎಲ್ಲಿಯ ನ್ಯಾಯ?

ಬಾಯಮ್ಮನಿಗೆ ತಮ್ಮ ಊರು ಯಾವುದೆಂದು ತಿಳಿಯದು. “ನಾವು ಸಾಷ್ಟಿಯವರು, ಮೊದಲು ನಮ್ಮದು ಪ್ರಭುಗಳ ಮನೆ” ಎಂದು ಅವರ ಅಜ್ಜಿ ಹೇಳುತ್ತಿದ್ದುದಷ್ಟೇ ಆಸ್ತಿ. ಟಿಪ್ಪುವು 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದು, ಇಗರ್ಜಿಗಳನ್ನು ಕೆಡವಿಸಿದನು. ಬದುಕಿ ಉಳಿದವರು 1799ರಲ್ಲಿ ಅವನು ಮಡಿದ ಮೇಲೆ ಹಿಂದಿರುಗಿದರು. ಆ ಹದಿನೈದು ವರ್ಷಗಳಲ್ಲಿ ಹೋದದ್ದರಲ್ಲಿ ಮನೆತನದ ಕಾಗದಪತ್ರಗಳೂ ಸೇರಿವೆ. ಗೋವೆಯ ಹಳ್ಳಿಗಳಲ್ಲಿ ‘ಗಾಂವಕಾರಿ’ ಎಂಬ ಬಹು ಪುರಾತನವಾದ ಸಮುದಾಯದ ಒಡೆತನವುಂಟು; ಪೋರ್ಚುಗೀಸರು 1526ರಲ್ಲಿಯೇ ಅದರ ಕಟ್ಟಳೆಗಳನ್ನು ಬರೆಸಿಟ್ಟರು. ಊರಿನ ಮೂಲ ಕುಲಗಳ ಗಂಡುಸಂತಾನದ ಹೆಸರುಗಳು ಅಂತಹ ಸಮುದಾಯಗಳ ಪಟ್ಟಿಗಳಲ್ಲಿ ತಲೆತಲಾಂತರದಿಂದ ನಡೆದು ಬಂದಿವೆ. ಹಲವು ಊರುಗಳಲ್ಲಿ ಹಿಂದೂಗಳೂ ಕ್ರೈಸ್ತರೂ ಒಂದೇ ಪಟ್ಟಿಯಲ್ಲಿರುವರು. ಹೆಂಗಸರ ಹೆಸರು ಆ ಲೆಕ್ಕದಲ್ಲಿಲ್ಲ. ಅಜ್ಜಿಯ ಬಾಯಿಮಾತನ್ನೇ ಹಿಡಿದು ಬಂದ ಬಾಯಮ್ಮನಿಗೆ ಅಲ್ಲಿ ಹುಡುಕಲು ಏನೂ ಇರಲಿಲ್ಲ.

ಊರಿನ ಇಗರ್ಜಿಯಲ್ಲಿ ಬಾಯಮ್ಮ ಮೊಣಕಾಲೂರಿ ಪ್ರಾರ್ಥನೆ ಮಾಡುವಾಗ ಅತ್ತೆಯವರು ಹಿಂದಿನ ಬೆಂಚಿನಲ್ಲಿ ಕೈಜೋಡಿಸಿ ಕುಳಿತಿದ್ದರು. ಹೊರಗೆ ಎಳನೀರು ಮಾರುವ ಮುದುಕಿಯೊಬ್ಬಳು ನಮ್ಮ ಕೊಂಕಣಿಯನ್ನು ಕೇಳಿ ನಕ್ಕಳು, ನಕ್ಕು, ಬಾಯಮ್ಮನನ್ನು ಕೇಳಿದಳು: “ನಿನ್ನ ಕುಳಾರ್ ಎಲ್ಲಿ?” ಕುಳಾರ್ ಎಂದರೆ ಹೆಂಗಸಿನ ತವರುಮನೆ. ಬಾಯಮ್ಮ ಇಗರ್ಜಿಯ ಸುತ್ತಲಿನ ತೆಂಗಿನ ತೋಟಗಳತ್ತ ಕೈಯನ್ನು ವಿಶಾಲವಾಗಿ ಬೀಸಿ, “ಇಲ್ಲಿಯೇ ಎಲ್ಲೋ” ಎಂದರು. ಮುದುಕಿ ಎಳನೀರಿಗೆ ಹಣ ತೆಗೆದುಕೊಳ್ಳಲಿಲ್ಲ. ನಮ್ಮಿಂದ ತೆಗೆದುಕೊಂಡಳು.

ಗಾಡಿ ಹತ್ತುವಾಗ ಅತ್ತೆಯವರು ಬಾಗ್ಲಿನ ಹಿಡಿಯನ್ನು ಹಿಡಿದುಕೊಂಡೇ ನಿಂತರು. “ಇಷ್ಟು ದೂರ ಬಂದು ನನ್ನ ಕುಳಾರಕ್ಕೆ ಹೋಗದೆ ಇರುವುದೇ?” ಎಂದರು.

ನಮಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಮಹಾಲಸೆಯು ನಮ್ಮ ಮಾವನವರ ಮನೆತನದ ಕುಲದೇವಿ. ಅತ್ತೆಯವರು ಹುಟ್ಟಿದ ಮನೆಯ ಕುಲದೇವರು ಮಂಗೇಶ. ಮದುವೆಯಾದ ದಿನದಿಂದ ಗೋತ್ರವು ಬದಲಾಯಿತು, ಮುಡಿಪು ಬದಲಾಯಿತು. ನಾವು ‘ಹಿರಿಯರ ಊರು’ ಎಂದು ಸಂಭ್ರಮದಿಂದ ಅವರನ್ನು ಕರೆತಂದದ್ದು ನಿಜವಾಗಿ ಅವರ ಗಂಡನ ಹಿರಿಯರ ಊರಿಗೆ. ನಾನೂ ಹಾಗೆಯೇ ಕೊಟ್ಟ ಮನೆಯ ದೇವರನ್ನು ನನ್ನ ದೇವರೆಂದುಕೊಂಡು ಮೂವತ್ತು ವರ್ಷ ಕಳೆದವಳು. ನಮ್ಮ ವಾಚಕಿಯರಲ್ಲಿ ಹೆಚ್ಚಿನವರೂ ಅಷ್ಟೇ. ಮಂಗೇಶನ ಮೂಲಸ್ಥಾನವಾದ ಕುಶಸ್ಥಳಿ, ಎಂದರೆ ಈಗಿನ ಕುಠ್ಠಾಳಿ, ವೆರ್ಣೆಯಿಂದ ಕೆಲವೇ ಕಿಲೋಮೀಟರು. ಅರವತ್ತು ವರ್ಷಗಳಲ್ಲಿ ಎರಡು ಸಲ ಅವರು ಅಷ್ಟು ಹತ್ತಿರ ಬಂದು ಹಿಂದಿರುಗಿದ್ದರು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕುಠ್ಠಾಳಿಯು ಜುವಾರಿಯ ದಡದ ಊರು. 2022ರ ಡಿಸೆಂಬರಿನಲ್ಲಿ ತೆರೆದ ತಂತಿಯ ಸೇತುವೆಯು ಅಲ್ಲಿಂದ ದೊಡ್ಡ ವೀಣೆಯ ಹಾಗೆ ಕಾಣುತ್ತದೆ. ಕಣ್ಣು ಮಂಜಾದ ಅತ್ತೆಯವರಿಗೂ ಅದರ ಗೋಪುರ ಕಂಡಿತು. ಸಂತ ಫಿಲಿಪ್ ಮತ್ತು ಸಂತ ಯಾಕೋಬರ ಇಗರ್ಜಿಯ ಬಳಿ ಸ್ವಲ್ಪ ಹೊತ್ತು ನಿಂತೆವು. ಬೀಸಿಲು ಹತ್ತಿತ್ತು. ಹಿಂದಕ್ಕೆ ಬೋರಿಯ ದಾರಿಯಲ್ಲಿ ಹೋಗುವುದೆಂದು ಯಜಮಾನರು ನಿಶ್ಚಯಿಸಿದ್ದರು. ಆದರೆ ಕುಠ್ಠಾಳಿಯಿಂದ ಆಚೆ ದಡದ ಮಡಕಯಿಗೆ ಸರ್ಕಾರದ ಫೆರಿ ದೋಣಿ ಹೋಗುತ್ತದೆಂದು ಮಗನು ವಿಚಾರಿಸಿಕೊಂಡು ಬಂದನು. 1560ರಲ್ಲಿ ಮಂಗೇಶನ ಲಿಂಗವನ್ನು ಹೊತ್ತವರು ದಾಟಿದ್ದು ಇದೇ ಹೊಳೆಯನ್ನು, ಇದೇ ಊರಿನಿಂದ.

ಗಾಡಿಯೊಡನೆಯೇ ಫೆರಿ ಹತ್ತಿದೆವು. ಕಾಲ್ನಡೆಯವರಿಗೆ ದುಡ್ಡಿಲ್ಲ, ಗಾಡಿಗೆ ಅಷ್ಟಿಷ್ಟು. ಮೀನಿನ ಬುಟ್ಟಿಯ ಹೆಂಗಸರು, ಶಾಲೆಯ ಮಕ್ಕಳು, ನಾಲ್ಕಾರು ಮೋಟಾರು ಸೈಕಲ್ಲುಗಳು. ಅತ್ತೆಯವರು ಒಳಗೆ ಕುಳಿತುಕೊಳ್ಳದೆ, ಕಂಬಿಯನ್ನು ಹಿಡಿದು, ಬಿಟ್ಟು ಬಂದ ದಡದ ಕಡೆಗೆ ಮುಖಮಾಡಿ ನಿಂತರು. ಬಾಯಮ್ಮ ಅವರ ಸೆರಗನ್ನು ಗಾಳಿಗೆ ಹಾರದಂತೆ ಹಿಡಿದುಕೊಂಡಿದ್ದರು. ಹೊಳೆ ಅಗಲವಾಗಿದೆ. ರಾತ್ರಿಯಲ್ಲಿ, ಹುಟ್ಟಿನ ಸದ್ದಾದರೆ ಕಾವಲಿನವರಿಗೆ ಕೇಳೀತೆಂಬ ಭಯದಲ್ಲಿ, ಈ ನೀರು ಎಷ್ಟು ಅಗಲವಾಗಿ ಕಂಡಿರಬೇಕು!

ಮಡಕಯಿಯಲ್ಲಿಳಿದು, ಗದ್ದೆತೋಟಗಳ ನಡುವಿನ ಸಣ್ಣ ರಸ್ತೆಯಲ್ಲಿ ಪ್ರಿಯೋಳದ ಮಂಗೇಶಿಗೆ ಬಂದೆವು. ಮಾರ್ದೋಳಕ್ಕೆ ತೀರ ಸಮೀಪದ ಊರು ಇದು; ಗಾನದಲ್ಲಿ ಹೆಸರಾದ ಮಂಗೇಶಕರರ ಮನೆತನಕ್ಕೆ ಆ ಹೆಸರು ಬಂದುದು ಇಲ್ಲಿಂದಲೇ. ಬಿಳಿಯ ದೀಪಸ್ತಂಭ, ಮುಂದೆ ಕೆರೆ. ಮಧ್ಯಾಹ್ನದ ಪೂಜೆ ಮುಗಿಯುತ್ತ ಬಂದಿತ್ತು. ತೆಂಗಿನಕಾಯಿ, ಬಿಲ್ವಪತ್ರೆಗಳ ತಟ್ಟೆಯನ್ನು ಅತ್ತೆಯವರೇ ಹಿಡಿದು ಮುಂದೆ ನಿಂತರು.

ಸಂಕಲ್ಪಕ್ಕಾಗಿ ಭಟ್ಟರು ಗೋತ್ರವನ್ನು ಕೇಳಿದರು. ಯಜಮಾನರು ವಾಡಿಕೆಯಂತೆ ನಮ್ಮ ಮನೆಯ ಗೋತ್ರವನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು, “ವತ್ಸ ಗೋತ್ರ” ಎಂದರು. ಅದು ಅವರ ತಂದೆಯ ಗೋತ್ರ. “ಅಮ್ಮಾ, ಮದುವೆಯಾದ ಮೇಲೆ...” ಎಂದು ಯಜಮಾನರು ಮೆಲ್ಲನೆ ತಿದ್ದಲು ಹೋದರು.

“ಅದು ಅಲ್ಲಿಗೆ. ಇಲ್ಲಿಗೆ ನಾನು ಮಗಳು” ಎಂದರು ಅತ್ತೆಯವರು.

ಭಟ್ಟರು ವಯಸ್ಸಾದವರು. ಒಮ್ಮೆ ಅತ್ತೆಯವರ ಮುಖವನ್ನು ನೋಡಿ, ಏನೊಂದೂ ಹೇಳದೆ, ವತ್ಸ ಗೋತ್ರವನ್ನೂ ಅವರ ಹುಟ್ಟುಹೆಸರನ್ನೂ ಹೇಳಿ ಸಂಕಲ್ಪವನ್ನು ಮುಗಿಸಿದರು. ಆ ಹುಟ್ಟುಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಮದುವೆಯಲ್ಲಿ ಅದನ್ನೂ ಬದಲಿಸಿದ್ದರು.

ಹೊರಗೆ ಬಂದಾಗ ಬಾಯಮ್ಮ ಕೆರೆಯ ಮೆಟ್ಟಿಲ ಮೇಲಿನ ನೆರಳಿನಲ್ಲಿ ಕುಳಿತು ಎಲ್ಲರ ಚಪ್ಪಲಿಗಳನ್ನು ಕಾಯುತ್ತಿದ್ದರು. “ಆಯಿತೇ ಅಕ್ಕಾ?” ಎಂದು ಕೇಳಿದರು. ಅತ್ತೆಯವರು ಪ್ರಸಾದದ ತೆಂಗಿನ ಹೋಳನ್ನು ಅವರ ಕೈಯಲ್ಲಿಟ್ಟು, ಪಕ್ಕದಲ್ಲಿ ಕುಳಿತು, ಹಸಿವಾಗುತ್ತಿದೆಯೆಂದರು. ಬುತ್ತಿಯಲ್ಲಿ ಮೊಸರವಲಕ್ಕಿ ಇನ್ನೂ ಉಳಿದಿತ್ತು.